ಕಲ್ಲು ಹೊರುವವರ ಹಾಡು

ಮಠದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಒಬ್ಬ ಹುಡುಗಿಗೆ ಶ್ರುತಿಯೇ ನಿಲ್ಲುವುದಿಲ್ಲ. ಅವಳೊಬ್ಬಳಿಂದ ಇಡೀ ಮೇಳ ಕೆಡುತ್ತಿದೆ. ನಾಳೆಯಿಂದ ಬರಬೇಡ ಎನ್ನಲೇ?"

ಗುರುಗಳು ನಕ್ಕರು. "ಅಷ್ಟು ಅವಸರವೇನಪ್ಪ? ಕೂತುಕೋ. ಒಂದು ಕತೆ ಹೇಳುತ್ತೇನೆ."

ಕಲ್ಲುಗಣಿಯ ಊರೊಂದರಲ್ಲಿ ದುರ್ಗವ್ವ ಎಂಬ ಮುದುಕಿಯಿದ್ದಳು. ಹರೆಯದಲ್ಲಿ ಕಲ್ಲು ಹೊತ್ತವಳು. ಆಗೆಲ್ಲ ದೊಡ್ಡ ಕಲ್ಲನ್ನು ತೊಲೆಗೆ ಕಟ್ಟಿ ಹೆಗಲ ಮೇಲೆ ಹೊರುತ್ತಿದ್ದರು. ಮುಂದಿನವಳು ಒಂದು ಸೊಲ್ಲು ಹಾಡಿದರೆ ಉಳಿದವರು ಅದನ್ನೇ ಎತ್ತಿಕೊಂಡು ಹಾಡುತ್ತ ಹೆಜ್ಜೆ ಇಡುತ್ತಿದ್ದರು. ಕ್ರೇನು ಬಂತು, ಹೊರುವುದು ನಿಂತಿತು. ಹಾಡು ತನ್ನ ಜೊತೆಗೇ ಮಣ್ಣಾಗಬಾರದೆಂದು ದುರ್ಗವ್ವ ಗಣಿಯ ಪಕ್ಕದ ಖಾಲಿ ಶೆಡ್ಡಿನಲ್ಲಿ, ಶಾಲೆ ಬಿಟ್ಟ ಮೇಲೆ, ಊರ ಮಕ್ಕಳನ್ನು ಕೂರಿಸಿಕೊಂಡು ಕಲಿಸತೊಡಗಿದಳು. ಎಂಥ ಗಟ್ಟಿಗಿತ್ತಿ ನೋಡು! ಮೊಣಕಾಲು ನೋವಿದ್ದರೂ ದಿನವೂ ತಾನೇ ಶೆಡ್ಡು ಗುಡಿಸಿ ಮಕ್ಕಳ ದಾರಿ ಕಾಯುತ್ತಿದ್ದಳು.

ಒಂದು ದಿನ ಶೆಡ್ಡಿನ ಮಾಲೀಕನಾದ ವ್ಯಾಪಾರಿ ಕೈಯಲ್ಲಿ ಬೀಗ ಹಿಡಿದು ಬಂದ. "ನನಗೆ ಇಲ್ಲಿ ಸಿಮೆಂಟು ಇಡಬೇಕು. ಆದರೂ ಒಮ್ಮೆ ಕೇಳುತ್ತೇನೆ. ಹಾಡು ಅನ್ನಿಸಿದರೆ ಇರಿ, ಬರೀ ಗದ್ದಲವಾದರೆ ಜಾಗ ಬಿಡಿ" ಎಂದ.

ಅಂದು ಮುಂದೆ ನಿಂತು ಹಾಡುವ ಸರದಿ ಹುಲಿಗೆಮ್ಮ ಎಂಬ ಅಂಜುಬುರುಕಿಯದು. ಬೇರೆಯವರನ್ನು ನಿಲ್ಲಿಸಲೇ ಎಂದು ದುರ್ಗವ್ವನಿಗೂ ಅನ್ನಿಸಿತು. ಸರದಿ ಅಂದರೆ ಸರದಿ ಎಂದುಕೊಂಡು ಸುಮ್ಮನಾದಳು. ಎರಡನೇ ಸೊಲ್ಲಿಗೇ ಹುಲಿಗೆಮ್ಮನ ಕಣ್ಣು ಬೀಗದ ಮೇಲೆ ಬಿತ್ತು. ದನಿ ನಡುಗಿ ಕೆಳಗೆ ಜಾರಿತು. ಮುಗೀತು, ಶೆಡ್ಡು ಕೈತಪ್ಪಿತು ಎಂದುಕೊಂಡಳು ದುರ್ಗವ್ವ.

ಅಷ್ಟರಲ್ಲಿ ಉಳಿದ ಮಕ್ಕಳೆಲ್ಲ, ಒಬ್ಬರ ಮುಖ ಒಬ್ಬರು ನೋಡದೆ, ಅವಳ ದನಿ ಬಿದ್ದ ಜಾಗಕ್ಕೇ ಇಳಿದು ಹಾಡಿದರು. ಜೊತೆ ಸಿಕ್ಕಿದ್ದೇ ಹುಲಿಗೆಮ್ಮನ ನಡುಕ ನಿಂತಿತು. ಅಲ್ಲಿಂದ ಎಲ್ಲರೂ ಒಟ್ಟಿಗೆ, ಒಂದೊಂದು ಸೊಲ್ಲಿಗೂ ಇಷ್ಟಿಷ್ಟೇ ಏರುತ್ತ, ಮೊದಲಿನ ಶ್ರುತಿಯನ್ನು ಮುಟ್ಟಿದರು. ಮುದುಕಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

"ತಪ್ಪಿದ್ದು ಅವಳೊಬ್ಬಳು. ಎಲ್ಲರೂ ಯಾಕೆ ಕೆಳಗಿಳಿದರು?" ಎಂದು ವ್ಯಾಪಾರಿ ಕೇಳಿದ.

"ನಮ್ಮ ಹಾಡು ಇರೋದೇ ಹಂಗೆ, ಧಣಿ" ಎಂದಳು ದುರ್ಗವ್ವ. "ಕಲ್ಲು ಹೊರುವಾಗ ಒಬ್ಬಳ ಹೆಗಲು ಕುಸಿದರೆ ಎಲ್ಲರೂ ಬಗ್ಗಬೇಕು. ಉಳಿದವರು ನೆಟ್ಟಗೆ ನಿಂತರೆ ಕಲ್ಲು ಜಾರಿ ಅವಳ ಮ್ಯಾಲೇ ಬೀಳ್ತದೆ."

ವ್ಯಾಪಾರಿ ಮಕ್ಕಳ ಸಾಲಿನಲ್ಲೇ ಕೂತು, "ಇನ್ನೊಂದು ಹಾಡಿ" ಎಂದ. ಹೋಗುವಾಗ ಬೀಗವನ್ನು ಜೇಬಿಗೆ ಹಾಕಿಕೊಂಡು ಹೋದ.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹುಲಿಗೆಮ್ಮ ತಪ್ಪಿದ್ದು ಒಂದು ದಿನ, ಗುರುಗಳೇ. ನಮ್ಮ ಹುಡುಗಿ ದಿನಾ ತಪ್ಪುತ್ತಾಳಲ್ಲ?" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ದಿನಾ ಅವಳ ದನಿ ಜಾರುವಾಗ, ನೀನು ಬಗ್ಗಿದೆಯೋ, ನೆಟ್ಟಗೆ ನಿಂತಿದ್ದೆಯೋ?"