ಬೆಟ್ಟದ ನೆತ್ತಿ ಗೆದ್ದ ಹುಲ್ಲಕ್ಕ

ಬೆಟ್ಟಗಳು ಆಗಷ್ಟೇ ಮೂಡಿದ್ದವು. ಮಣ್ಣು ಇನ್ನೂ ಬೆಚ್ಚಗಿತ್ತು. ಆಗ ಕಾಡು ಬೇರೆ, ಬಯಲು ಬೇರೆ ಅಂತ ಇರಲಿಲ್ಲ. ಮರ, ಗಿಡ, ಬಳ್ಳಿ, ಹುಲ್ಲು ಎಲ್ಲವೂ ಬೆಟ್ಟದ ಬುಡದಲ್ಲಿ ಸಂತೆಯ ಜನದ ಹಾಗೆ ಒತ್ತಿಕೊಂಡು ನಿಂತಿದ್ದವು.

ತೇಗದ ಎಲೆ ಕಾರೆಯ ಮುಳ್ಳಿಗೆ ಸಿಕ್ಕಿ ಹರಿಯುತ್ತಿತ್ತು. ಬಿದಿರು ಕಂಡವರ ಪಕ್ಕೆಗೆಲ್ಲ ತಿವಿಯುತ್ತಿತ್ತು. ಬೆಳಗಾದರೆ ಜಗಳ.

"ಸಾಕು! ಜಾಗ ಹಂಚಿಕೊಂಡು ಬೇರೆ ಬೇರೆ ಇರೋಣ," ಎಂದ ನೇರಳೆಯಣ್ಣ. ಅವನು ಎಲ್ಲರಿಗಿಂತ ಎತ್ತರದ ಮರ. ಹಾಗಾಗಿ ಯಜಮಾನಿಕೆಯೂ ಅವನದೇ.

ಆ ಕಾಲದಲ್ಲಿ ಮರಗಳು ಒಬ್ಬರನ್ನೊಬ್ಬರು ಅಳೆಯುತ್ತಿದ್ದದ್ದು ನೆರಳಿನಿಂದ. ನೇರಳೆಯಣ್ಣ ಎಲ್ಲರ ನೆರಳನ್ನೂ ಅಳೆದ. ಉದ್ದ ನೆರಳಿನವರಿಗೆ ಬೆಟ್ಟದ ನೆತ್ತಿ. ನಡುವಿನವರಿಗೆ ಇಳಿಜಾರು. ಕುಳ್ಳರಿಗೆ ಎರಡು ಗುಡ್ಡ ಕೂಡುವ ಕಣಿವೆಯ ಮಡಿಕೆಯ ಆಳ. ಯಾರಿಗೆ ಎಷ್ಟು ನೀರು ಬೇಕು, ಎಷ್ಟು ಬಿಸಿಲು ಬೇಕು ಅಂತ ಒಬ್ಬರೂ ಕೇಳಲಿಲ್ಲ.

ಹುಲ್ಲಕ್ಕನ ಸರದಿ ಬಂತು. ಅವಳ ನೆರಳು ಒಂದು ಮಿಡತೆಯನ್ನೂ ಮುಚ್ಚಲಿಲ್ಲ.

"ಇದೂ ಒಂದು ನೆರಳೇನೇ?" ಎಂದು ಮರಗಳೆಲ್ಲ ಎಲೆ ಉದುರುವಷ್ಟು ನಕ್ಕವು. "ಹೋಗು, ಹೋಗು, ಎಲ್ಲರಿಗಿಂತ ಕೆಳಗೆ!"

ಹುಲ್ಲಕ್ಕ ಮರಿಗಳನ್ನು ಕಟ್ಟಿಕೊಂಡು ಮಡಿಕೆಯ ಆಳಕ್ಕೆ ಹೋದಳು. ಅಲ್ಲಿ ಬಿಸಿಲೇ ಇಲ್ಲ. ಮೇಲಿನಿಂದ ಮರಗಳ ನೆರಳು ದಿನವಿಡೀ ಬಂದು ಬೀಳುತ್ತಿತ್ತು. ಮರಿಗಳು ಹಳದಿಯಾದವು. ಒಂದು ಮರಿ ತಲೆ ಬಾಗಿಸಿದ್ದು ಮತ್ತೆ ಎತ್ತಲೇ ಇಲ್ಲ.

ಅವತ್ತೇ ಹುಲ್ಲಕ್ಕ ಬೇರು ಕಿತ್ತಳು. ಒಂದು ಬೇರು ಊರಿದಳು, ಇನ್ನೊಂದು ಬೇರು ಚಾಚಿದಳು. ಹಾಗೇ ಬೆಟ್ಟ ಹತ್ತಿದಳು. ಮರಿಗಳೂ ಹಿಂದೆ ಹತ್ತಿದವು.

"ಏ, ಎಲ್ಲಿಗೆ ಬಂದೆ?" ನೇರಳೆಯಣ್ಣ ಗದರಿದ.

"ಬಿಸಿಲಿಗೆ ಬಂದೆ, ಅಣ್ಣಾ. ನನ್ನ ಮರಿಗಳು ಸಾಯ್ತಿವೆ."

"ನಿನ್ನ ಅಳತೆ ನೋಡಿಕೊಂಡು ಮಾತಾಡು."

"ನೆರಳು ಅಳೆದದ್ದು ನೀನು. ನನ್ನನ್ನು ಅಳೆದವರು ಯಾರು?"

ನೇರಳೆಯಣ್ಣನಿಗೆ ಸಿಟ್ಟು ಬಂತು. "ಆಯ್ತು. ಮಳೆಗಾಲದ ಗಾಳಿ ಹೊರಟಿದೆ. ಅದು ಹಾದುಹೋದ ಮೇಲೂ ನೀನು ಇಲ್ಲಿ ನಿಂತಿದ್ದರೆ ನೆತ್ತಿ ನಿನ್ನದು. ಬಿದ್ದೆಯೋ, ವಾಪಸ್ ಕತ್ತಲಿಗೆ. ಇನ್ನು ಬಿಸಿಲಿನ ಹೆಸರೆತ್ತಬಾರದು."

"ಒಪ್ಪಿದೆ," ಎಂದಳು ಹುಲ್ಲಕ್ಕ. ಮರಿಗಳನ್ನು ಬುಡಕ್ಕೆ ಎಳೆದುಕೊಂಡಳು.

ಗಾಳಿ ಬಂತು. ಕಡಲಿನಿಂದ ಎದ್ದು, ಮೋಡಗಳನ್ನು ದನದ ಹಿಂಡಿನಂತೆ ಅಟ್ಟಿಕೊಂಡು ಬಂತು. "ಯಾರಪ್ಪಾ ನನ್ನ ದಾರಿಗೆ ಅಡ್ಡ?" ಎಂದು ಹೂಂಕರಿಸಿತು.

"ನಾನು!" ಎಂದ ನೇರಳೆಯಣ್ಣ, ಎದೆ ಸೆಟೆಸಿ.

"ನಾನೂ ಇದ್ದೀನಿ," ಎಂದಳು ಹುಲ್ಲಕ್ಕ. "ಹೋಗುವುದಾದರೆ ನನ್ನ ಬೆನ್ನ ಮೇಲೆ ಹೋಗು." ಹಾಗೆಂದವಳೇ ನೆಲಕ್ಕೆ ಮಲಗಿಬಿಟ್ಟಳು.

"ಬಿದ್ದಳು! ಬಿದ್ದಳು!" ಮರಗಳು ಕುಣಿದವು.

ಕುಣಿದದ್ದು ಸ್ವಲ್ಪ ಹೊತ್ತು. ನೆತ್ತಿಯ ಮಣ್ಣು ತೆಳ್ಳಗಿತ್ತು, ಅದರಡಿ ಬರೀ ಬಂಡೆ. ಬೇರಿಗೆ ಹಿಡಿತ ಸಿಗಲಿಲ್ಲ. ಒಂದು ಮರ ಲಟಕ್ಕೆಂದಿತು. ಇನ್ನೊಂದು ಬುಡಮೇಲಾಯಿತು. ನೇರಳೆಯಣ್ಣನ ತುದಿ ಮುರಿಯಿತು, ಸೊಂಟ ತಿರುಚಿತು. ಅವನು ಉರುಳುತ್ತಾ ಜಾರುತ್ತಾ ಹೋಗಿ ಮಡಿಕೆಯ ಆಳಕ್ಕೆ ದೊಪ್ಪನೆ ಬಿದ್ದ. ನೆತ್ತಿಯ ಉಳಿದ ಮರಗಳೂ ಅವನ ಹಿಂದೆಯೇ ಜಾರಿದವು.

ಗಾಳಿ ಹಾದುಹೋಯಿತು. ಹುಲ್ಲಕ್ಕ ಎದ್ದಳು. ಮೈ ಕೊಡವಿಕೊಂಡಳು. ಒಂದೊಂದೇ ಮರಿಯೂ ಎದ್ದಿತು. ಬೆಟ್ಟದ ನೆತ್ತಿಯ ತುಂಬ ಬಿಸಿಲು!

"ಅಣ್ಣಾ," ಎಂದು ಕೂಗಿದಳು, "ಬಿದ್ದವರು ಯಾರು?"

ಕೆಳಗೆ ನೇರಳೆಯಣ್ಣ ಬೇರು ಚಾಚಿ ನೆಲ ತಡವಿದ. ಅದು ಕಪ್ಪು ಮಣ್ಣಿಗೆ ತಾಗಿತು. ಮಣ್ಣು ದಪ್ಪಗಿತ್ತು, ತಂಪಾಗಿತ್ತು. ಗಾಳಿ ತಲೆಯ ಮೇಲೆಯೇ ಹಾದುಹೋಗುತ್ತಿತ್ತು.

"ನಾನೇ ಕಣಮ್ಮಾ," ಎಂದ. "ಆದರೆ ಬಿದ್ದ ಜಾಗ ಚೆನ್ನಾಗಿದೆ. ನೀರೊಂದು ಇದ್ದಿದ್ದರೆ..."

"ಕೇಳುವುದಕ್ಕೂ ಬಿಗುಮಾನವೇ?" ಹುಲ್ಲಕ್ಕ ನಕ್ಕಳು. ಬಿದ್ದ ಮಳೆಯನ್ನೆಲ್ಲ ತನ್ನ ಬುಡದಲ್ಲಿ ಹಿಡಿದಿಟ್ಟು, ಹನಿಹನಿಯಾಗಿ ಕೆಳಕ್ಕೆ ಬಿಟ್ಟಳು. ಮಡಿಕೆಯಲ್ಲಿ ತೊರೆ ಹುಟ್ಟಿತು.

ಇದನ್ನು ಕಂಡ ಮೇಲೆ ಯಾರೂ ನೆರಳು ಅಳೆಯಲಿಲ್ಲ. ಕಾರೆಮುಳ್ಳು, "ನನಗೆ ಒಣನೆಲವೇ ಹಿತ," ಎಂದು ಬಯಲುಸೀಮೆಗೆ ನಡೆಯಿತು. ಅದು ಕುರುಚಲು ಕಾಡಾಯಿತು. ತೇಗ ಬಿದಿರನ್ನು ಕರೆದುಕೊಂಡು ಬೇಸಿಗೆಯಲ್ಲಿ ಎಲೆ ಉದುರಿಸುವವರ ಕಾಡು ಕಟ್ಟಿತು. ಉಪ್ಪುನೀರು ಇಷ್ಟವೆಂದ ಕಾಂಡ್ಲ ಗಿಡ ನದಿ ಕಡಲು ಸೇರುವ ಅಳಿವೆಯ ಕೆಸರಿಗಿಳಿಯಿತು. ಎಲ್ಲರೂ ತಮಗೆ ಹೊಂದುವ ನೆಲ, ಹೊಂದುವ ನೆರೆಯವರನ್ನು ಹುಡುಕಿಕೊಂಡರು.

ಅದಕ್ಕೇ ಮಗೂ, ಎತ್ತರದ ಬೆಟ್ಟಗಳಲ್ಲಿ ಕುಳ್ಳಗೆ ಸೊಟ್ಟಗೆ ಬೆಳೆದ ಮರಗಳೆಲ್ಲ ಇವತ್ತಿಗೂ ಮಡಿಕೆಗಳಲ್ಲಿ ಗುಂಪುಗೂಡಿ ಶೋಲಾ ಕಾಡಾಗಿ ನಿಂತಿವೆ. ನೆತ್ತಿಯ ಮೇಲೆ ಮಾತ್ರ ಹುಲ್ಲು, ಬರೀ ಹುಲ್ಲು, ಗಾಳಿಗೆ ಮಲಗಿ ಮಲಗಿ ಏಳುತ್ತಾ ಬಿಸಿಲಿನಲ್ಲಿ ಹೊಳೆಯುತ್ತದೆ.