ನೇರಳೆ ಮರಕ್ಕೆ ಕಟ್ಟಿದ ಕಟ್ಟೆ

"ಗುರುಗಳೇ, ನನ್ನ ಸೇವೆಯಲ್ಲಿ ಏನು ಕೊರತೆಯಾಗಿದೆ?"

ಕೇಳಿದವನು ಮರುಳಯ್ಯ. ಅವನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಗುರುಗಳು ಅದನ್ನು ಮುಟ್ಟದೆ ಹಿಂದಕ್ಕೆ ಕೊಟ್ಟಿದ್ದರು. ನಿನ್ನೆಯೂ ಹಾಗೆಯೇ ಆಗಿತ್ತು.

ಬೆಟ್ಟದ ಮೇಲಿನ ಆ ಚಿಕ್ಕ ಮಠದಲ್ಲಿ ಗುರು ಶಿಷ್ಯರು ಇಬ್ಬರೇ. ಹೋದ ಮಳೆಗಾಲದಲ್ಲಿ ಒರತೆಗೆ ಇಳಿಯುವ ಪಾವಟಿಗೆಯ ಮೇಲೆ ಗುರುಗಳು ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಮೊಣಕಾಲು ತರಚಿತ್ತು ಅಷ್ಟೆ. ಆದರೆ ಅವರು ಬಿದ್ದದ್ದನ್ನು ಮರುಳಯ್ಯ ಕಣ್ಣಾರೆ ಕಂಡಿದ್ದ. ಹೆತ್ತವರ ಮುಖ ನೋಡದ ಅವನಿಗೆ ತಾಯಿಯೂ ಅವರೇ, ತಂದೆಯೂ ಅವರೇ. ಅಂದಿನಿಂದ ಅವನ ಎದೆಯಲ್ಲಿ ಒಂದು ನಡುಕ ಮನೆ ಮಾಡಿತ್ತು.

ಗಾಳಿ ನುಗ್ಗಬಾರದೆಂದು ಅವನು ಕಿಟಕಿಗಳಿಗೆ ಗೋಣಿತಾಟು ಹೊಡೆದ. ಗುರುಗಳಿಗೆ ಆಯಾಸವಾಗಬಾರದೆಂದು ನೋಡಲು ಬಂದವರನ್ನು ಬಾಗಿಲಿನಿಂದಲೇ ಕಳುಹಿಸಿದ. ಒರತೆಯ ನೀರನ್ನು ತಾನೇ ಹೊತ್ತು ತಂದು ಕಾಯಿಸಿ ಕೊಟ್ಟ. ಕೊನೆಗೆ ಅವರ ಊರುಗೋಲನ್ನು ಅಟ್ಟದ ಮೇಲೆ ಅಡಗಿಸಿಟ್ಟ. ಅವರು ಕೇಳಿದಾಗ, "ಗೆದ್ದಲು ತಿಂದುಬಿಟ್ಟಿತು, ಗುರುಗಳೇ" ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಸ್ವಲ್ಪ ತೊದಲಿತು. ಗುರುಗಳು "ಹೌದೇ?" ಎಂದರು.

ಇಷ್ಟೆಲ್ಲ ಮಾಡಿದರೂ ಅವರು ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಮರುಳಯ್ಯನಿಗೆ ಅಳು ಬರುವುದೊಂದು ಬಾಕಿ.

"ಹೇಳಿ ಗುರುಗಳೇ. ನಾನು ಇನ್ನೇನು ಮಾಡಲಿ?"

ಗುರುಗಳು ಕಂಬಳಿ ಸರಿಸಿ ಗೋಡೆಗೆ ಒರಗಿದರು. "ಮಾಡುವುದರ ಮಾತು ಆಮೇಲೆ. ಒಂದು ಕತೆ ಹೇಳುತ್ತೇನೆ, ಕೂತುಕೋ. ಬಟ್ಟಲು ಕೆಳಗಿಡು, ಅದೇನೂ ಓಡಿಹೋಗುವುದಿಲ್ಲ" ಎಂದು ಹೇಳತೊಡಗಿದರು.

ಒಂದು ಬೆಟ್ಟದ ನೆತ್ತಿಯಲ್ಲಿ ಒಬ್ಬ ರೈತನ ಮನೆಯಿತ್ತು. ಅಲ್ಲಿ ಗಾಳಿಯದೇ ದೊರೆತನ. ಮಳೆಗಾಲ ಬಂತೆಂದರೆ ಪಡುವಣ ಕಣಿವೆಯಿಂದ ಏರಿಬರುವ ಗಾಳಿ ಹೆಂಚು ಹಾರಿಸುತ್ತದೆ, ನಿಂತ ದನವನ್ನೂ ತಳ್ಳುತ್ತದೆ. ಆ ಮನೆ ಉಳಿದದ್ದು ಒಂದು ನೇರಳೆ ಮರದ ದಯೆಯಿಂದ. ಮನೆಗೂ ಗಾಳಿಗೂ ನಡುವೆ ಆ ಮರ ನಿಂತಿತ್ತು. ರೈತನ ಮುತ್ತಜ್ಜನ ಕಾಲಕ್ಕೇ ಅದು ಹಳೆಯ ಮರ. ಆ ಮನೆಯವರು ಯಾರೂ ಅದಕ್ಕೆ ನೀರು ಹೊಯ್ದವರಲ್ಲ, ಗೊಬ್ಬರ ಹಾಕಿದವರಲ್ಲ. ಉದುರಿದ ಎಲೆಯನ್ನು ಬುಡದಲ್ಲೇ ಬಿಡುತ್ತಿದ್ದರು. ಒಣಗಿದ ರೆಂಬೆ ಕಂಡರೆ ಬೇಸಿಗೆಯಲ್ಲಿ ಇಳಿಸುತ್ತಿದ್ದರು. ಆರೈಕೆ ಅಷ್ಟೇ.

ಒಂದು ವರ್ಷ ಗಾಳಿ ವಿಪರೀತ ಬೀಸಿತು. ಮರ ಬುಡದವರೆಗೂ ತೂಗಿದ್ದನ್ನು ರೈತ ಜಗಲಿಯಿಂದ ನೋಡಿದ. ಮರವೇನೋ ತೂಗಿ ನಿಂತಿತು. ರೈತನ ಎದೆಯ ತೂಗಾಟ ಮಾತ್ರ ನಿಲ್ಲಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ಇಳಿಜಾರಿನಲ್ಲಿ ದಪ್ಪ ಬೇರುಗಳ ಬೆನ್ನು ಮಣ್ಣಿನ ಮೇಲೆ ಕಾಣುತ್ತಿತ್ತು. ಅದು ಎಂದಿನಿಂದಲೂ ಕಾಣುತ್ತಿತ್ತು. ಹೆದರಿದ ಕಣ್ಣಿಗೆ ಅಂದು ಹೊಸದಾಗಿ ಕಂಡಿತು.

"ಅಯ್ಯೋ, ಬೇರು ಬಯಲಿಗೆ ಬಿದ್ದಿದೆ. ಇದಕ್ಕೊಂದು ಕಟ್ಟೆ ಕಟ್ಟಬೇಕು" ಎಂದು ಅವನು ನಿಶ್ಚಯಿಸಿದ.

ಬೆಟ್ಟದ ಕೆಳಗಿನ ಊರಿನಲ್ಲಿ ಅರಳಿ ಮರಕ್ಕೆ ಕಟ್ಟೆಯಿತ್ತು. ಗೌರವವುಳ್ಳ ಮರಕ್ಕೆ ಕಟ್ಟೆ ಇರಲೇಬೇಕೆಂಬುದು ನಮ್ಮ ಜನರ ಎಣಿಕೆ. ಆ ಊರಿನವರು ಮೊದಲು ಕಟ್ಟೆ ಕಟ್ಟಿ, ಆಮೇಲೆ ಅದರೊಳಗೆ ಅರಳಿಯ ಸಸಿ ನೆಟ್ಟಿದ್ದರು. ಅದನ್ನು ರೈತ ಯಾರನ್ನೂ ಕೇಳಲಿಲ್ಲ.

ಹಳ್ಳದಿಂದ ಕಲ್ಲು ಹೊತ್ತ. ಸೊಂಟದೆತ್ತರಕ್ಕೆ ಕಟ್ಟೆ ಎಬ್ಬಿಸಿದ. ಒಳಗೆ ಕೆಂಪು ಮಣ್ಣು ಸುರಿದು, ಅದರ ಮೇಲೆ ಹಟ್ಟಿಗೊಬ್ಬರ ಹಾಕಿ, ಮತ್ತೆ ಮಣ್ಣು ತುಂಬಿ, ಕಾಂಡಕ್ಕೆ ಒತ್ತಿ ಒತ್ತಿ ತುಳಿದ. ಸಗಣಿ ಸಾರಿಸಿದ, ಸುಣ್ಣ ಬಳಿದ. ಹಿಂದೆ ಸರಿದು ನಿಂತು ನೋಡಿದಾಗ ಅವನ ಕಣ್ಣು ತುಂಬಿ ಬಂತು. ಇನ್ನು ಮರ ಬೀಳುವುದಿಲ್ಲ ಎಂದು ಅಂದು ನೆಮ್ಮದಿಯಾಗಿ ಮಲಗಿದ.

"ಒಳ್ಳೆಯ ಕೆಲಸ ಮಾಡಿದ" ಎಂದು ಮರುಳಯ್ಯ ತಲೆದೂಗಿದ.

ಗುರುಗಳು ಅವನ ಮುಖವನ್ನು ಒಮ್ಮೆ ನೋಡಿ ಮುಂದುವರಿಸಿದರು.

ಮರ ಕೂಡಲೇ ಏನೂ ಹೇಳಲಿಲ್ಲ. ಹಳೆಯ ಮರಗಳು ನೋವನ್ನು ಹೇಳಿಕೊಳ್ಳುವುದರಲ್ಲಿ ನಿಧಾನ. ಮರುವರ್ಷ ಹಣ್ಣು ಕಡಿಮೆಯಾಯಿತು. ಅದರಾಚೆಯ ವರ್ಷ ನೆತ್ತಿಯ ಎಲೆ ತೆಳುವಾಗಿ, ಜಗಲಿಯಲ್ಲಿ ಹಿಂದೆಂದೂ ಬೀಳದ ಕಡೆ ಬಿಸಿಲು ಬಿತ್ತು. ಗೊಬ್ಬರ ಸಾಲದೆಂದು ರೈತ ಇನ್ನಷ್ಟು ಗೊಬ್ಬರ ಹಾಕಿದ. ನೀರು ಸಾಲದೆಂದು ಕೊಡಗಟ್ಟಲೆ ಹೊಯ್ದ. ಮಣ್ಣು ಕುಸಿದಿದೆಯೆಂದು ಕಟ್ಟೆಯನ್ನು ಇನ್ನೊಂದು ಗೇಣು ಏರಿಸಿದ. ಮರ ಸೊರಗಿದಷ್ಟೂ ಅವನ ಕೈ ಬಿಡುವಿಲ್ಲದೆ ದುಡಿಯಿತು. ಪ್ರೀತಿಗೆ ಭಯ ಸೇರಿಕೊಂಡರೆ ಕೈ ಸುಮ್ಮನಿರುವುದಿಲ್ಲ.

ಅವನ ಹೆಂಡತಿ ಬಾಯಿ ಬಿಗಿಹಿಡಿಯುವವಳಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಾ ಹೇಳಿದಳು:

"ಅಲ್ಲಾ, ನನ್ನನ್ನ ಕುತ್ತಿಗೆ ಮಟ್ಟ ಮಣ್ಣಲ್ಲಿ ಹೂತು, ಬಾಯಿಗೆ ಹೋಳಿಗೆ ಇಟ್ರೆ ನಾನು ತಿಂತೀನಾ?"

"ಸುಮ್ನಿರೇ ನೀನು. ಮರ ಅಂದ್ರೆ ದೇವ್ರು. ದೇವ್ರಿಗೆ ಪೀಠ ಬೇಡ್ವಾ?" ಎಂದು ರೈತ ಗದರಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮತ್ತೊಂದು ಮಳೆಗಾಲ ಬಂತು. ಈ ಸಲದ ಗಾಳಿ ದೊಡ್ಡದೇನಲ್ಲ. ಆದರೂ ಒಂದು ದೊಡ್ಡ ಕೊಂಬೆ ಮುರಿದು ಕೊಟ್ಟಿಗೆಯ ಮೇಲೆ ಬಿತ್ತು. ಹಸು ಹಗ್ಗ ಹರಿದುಕೊಂಡು ಹೇಗೋ ಪಾರಾಯಿತು. ಮುರಿದ ಮಾಡಿನ ಕೆಳಗೆ ನಿಂತು ರೈತ ಮನೆಯ ಕಡೆ ನೋಡಿದ. ನಾಳೆ ಇಡೀ ಮರ ಮನೆಯ ಮೇಲೆ ಬಂದರೆ? ಮಕ್ಕಳು ಒಳಗೆ ಮಲಗಿರುತ್ತಾರೆ. "ಇಷ್ಟು ಮಾಡಿದೆ, ಆದರೂ ಮರ ಕೈಕೊಟ್ಟಿತು. ಇನ್ನು ಕಡಿಯುವುದೇ ಸರಿ" ಎಂದುಕೊಂಡ. ಕಾಪಾಡಲು ಆಗದ್ದನ್ನು ಕಡಿಯಲು ಮನುಷ್ಯನಿಗೆ ಹೆಚ್ಚು ಹೊತ್ತು ಬೇಡ.

ಬಿಸಿಲು ಬಂದ ದಿನ ಕೊಡಲಿ ಮಸೆದುಕೊಂಡು ಹೋದ. ಮರ ಕಡಿಯಬೇಕಾದರೆ ಬುಡ ಬೇಕು. ಬುಡ ಎಲ್ಲಿದೆ? ಕಟ್ಟೆಯೊಳಗೆ ಹೂತಿದೆ. ಬೈದುಕೊಳ್ಳುತ್ತಾ ತಾನೇ ಕಟ್ಟಿದ ಕಲ್ಲುಗಳನ್ನು ಒಂದೊಂದಾಗಿ ಕೆಡವಿದ. ತಾನೇ ತುಳಿದ ಮಣ್ಣನ್ನು ಗುದ್ದಲಿ ತಂದು ಅಗೆದು ತೆಗೆದ.

ಮಣ್ಣಿನೊಳಗೆ ಕೂದಲಿನಂಥ ಬೇರುಗಳು ಸಿಕ್ಕವು. ಅವು ಕೆಳಕ್ಕೆ ಇಳಿದಿರಲಿಲ್ಲ, ಮೇಲಕ್ಕೆ ಹತ್ತಿದ್ದವು. ಅವನ ಅಪ್ಪ ಅಜ್ಜಂದಿರು ಯಾರೂ ಮೇಲಕ್ಕೆ ಹತ್ತುವ ಬೇರನ್ನು ಕಂಡವರಲ್ಲ. ಗಾಳಿಗಾಗಿ ಹತ್ತಿದ್ದವು ಪಾಪ. ಇನ್ನೂ ಕೆಳಗೆ ಹೋದರೆ, ಕಾಂಡದ ತೊಗಟೆ ಕಪ್ಪಾಗಿ, ಒದ್ದೆಯಾಗಿ, ಮುಟ್ಟಿದರೆ ಬೆರಳಿಗೆ ಬರುತ್ತಿತ್ತು. ಕೊಳೆತ ವಾಸನೆ ಮೂಗಿಗೆ ಹೊಡೆಯಿತು. ಒಂದು ಬದಿಯಲ್ಲಿ ಮಾತ್ರ, ಇಳಿಜಾರಿನ ಕಡೆ, ಅಂಗೈಯಗಲ ಜಾಗ ಇನ್ನೂ ಹಸಿಯಾಗಿ ಜೀವ ಹಿಡಿದುಕೊಂಡಿತ್ತು.

ರೈತ ಕೊಡಲಿಯನ್ನು ಕೆಳಗೆ ಹಾಕಿ ಕೂತುಬಿಟ್ಟ. ಹೆಂಡತಿ ಓಡಿಬಂದಳು.

"ಕಟ್ಟೆ ಕಟ್ದೆ ಅಂದ್ಕೊಂಡಿದ್ದೆ ಕಣೇ" ಎಂದ ಅವನು. "ಉಸಿರು ಕಟ್ಟಿಸ್ಬಿಟ್ಟೆ."

ನಾನು ಹೇಳಲಿಲ್ವಾ ಎಂದು ಅವಳು ಅನ್ನಬಹುದಿತ್ತು. ಬದಲಿಗೆ ಒಳಗೆ ಹೋಗಿ ಇನ್ನೊಂದು ಗುದ್ದಲಿ ತಂದಳು. ಬೇರುಗಳ ಬೆನ್ನು ಮೊದಲಿನಂತೆ ಕಾಣುವವರೆಗೆ ಇಬ್ಬರೂ ಮಣ್ಣು ತೆಗೆದರು.

ಗುರುಗಳು ಕತೆ ನಿಲ್ಲಿಸಿ ಉಸಿರು ಎಳೆದುಕೊಂಡರು. ಇಷ್ಟು ಮಾತನಾಡಿ ಬಹಳ ದಿನವಾಗಿತ್ತು.

ಮರುಳಯ್ಯನಿಗೆ ತಡೆಯಲಾಗಲಿಲ್ಲ. "ಮರ ಉಳಿಯಿತೇ ಗುರುಗಳೇ?"

"ಒಂದು ಮಗ್ಗುಲು ಒಣಗಿತು. ಅದನ್ನು ಇಳಿಸಿದರು. ಇನ್ನೊಂದು ಮಗ್ಗುಲು ತಡವಾಗಿಯಾದರೂ ಚಿಗುರಿತು. ಗಾಳಿ ಬಂದಾಗ ಅದು ಈಗಲೂ ತೂಗುತ್ತದೆ. ರೈತ ಈಗಲೂ ಹೆದರುತ್ತಾನೆ. ಆದರೆ ಜಗಲಿಯ ಮೇಲೆ ಕೈಕಟ್ಟಿ ಕೂತು ಹೆದರುತ್ತಾನೆ."

ಮರುಳಯ್ಯ ಕಣ್ಣೊರೆಸಿಕೊಂಡ. "ಪಾಪ, ಆ ಮರವೆಂದರೆ ಅವನಿಗೆ ಪ್ರಾಣ. ಹೆಂಡತಿಯ ಮಾತು ತಮಾಷೆಯಾಗಿ ಕೇಳಿಸಿರಬೇಕು. ಅವನಿಗೆ ಅರ್ಥವಾಗುವ ಹಾಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು" ಎಂದ.

"ಹೌದು, ಹೇಳಬೇಕಿತ್ತು" ಎಂದರು ಗುರುಗಳು. ಗೋಣಿತಾಟು ಹೊಡೆದ ಕಿಟಕಿಯ ಕಡೆಗೆ ನೋಡಿದರು. ಆಮೇಲೆ ಶಿಷ್ಯನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ಮರುಳಯ್ಯ, ಗೆದ್ದಲು ತಿಂದ ನನ್ನ ಕೋಲನ್ನು ಅಟ್ಟದಿಂದ ಇಳಿಸಿಕೊಡಪ್ಪ."