ಕೂಡುಗುಡ್ಡದ ರಕ್ಕಸನೂ ಅಣ್ಣನ ಎಸ್ಸೆಮ್ಮೆಸ್ಸೂ

"ಕೇಳ್ರಪ್ಪೋ ಕೇಳಿ! ಕಂಬಿನಾಡಿನ ಮಹಾರಾಜರ ಅಪ್ಪಣೆ! ನಾಡಿನ ಇಂಟರ್ನೆಟ್ ತಂತಿಗಳೆಲ್ಲ ಬಂದು ಸೇರುವ ಕೂಡುಗುಡ್ಡದ ಮೇಲೆ ರಕ್ಕಸನೊಬ್ಬ ಬಂದು ಕುಕ್ಕರಿಸಿದ್ದಾನೆ. ಅವನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ರಾಜಕುಮಾರಿಯ ಜೊತೆ ಮದುವೆ. ತಪ್ಪು ಹೇಳಿದವರು ಹೊತ್ತು ಮುಳುಗುತ್ತಲೇ ಅವನ ಹೊಟ್ಟೆಗೆ!"

ಡಂಗುರದವನು ಹೀಗೆ ಸಾರಿದ್ದೇ ತಡ, ಊರಿನ ಗಂಡುಗಳಿಗೆಲ್ಲ ಮೀಸೆ ತಿರುವೋ ಕೆಲಸ ಬಂತು ನೋಡಿ. ಅರ್ಧ ರಾಜ್ಯ ಅಂದರೆ ಯಾರಿಗೆ ಬೇಡ? ಅಗಸರ ಮೈಲಾರಿಗೆ ಮಾತ್ರ ಬೇಡವಾಗಿತ್ತು. ಅವನ ಅಣ್ಣ ಗಾಳೆಪ್ಪ ಬೆಳಿಗ್ಗೆ ಡಂಗುರ ಕೇಳಿದವನೇ ಯಾರಿಗೂ ಹೇಳದೆ ಗುಡ್ಡ ಹತ್ತಿ, ಒಗಟಿನಲ್ಲಿ ಸೋತು, ರಕ್ಕಸನ ಗವಿಯಲ್ಲಿ ಕಟ್ಟಿಸಿಕೊಂಡು ಬಿದ್ದಿದ್ದಾನೆ ಅನ್ನುವ ಸುದ್ದಿ ಬಂದಿತ್ತು. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಮೈಲಾರಿಯನ್ನು ಉಣಿಸಿ ತಿನಿಸಿ ಸಾಕಿದವನು ಅವನು. ಸಂಜೆಗೆ ಅವನಿರುವುದಿಲ್ಲ ಅನ್ನುವುದನ್ನು ನೆನೆದು ಹುಡುಗ ಒಗೆಯುವ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದ. ಏದುಸಿರು ಬಿಡುತ್ತಾ ಗುಡ್ಡ ಹತ್ತಿದ.

ಮೇಲೆ ಸೇನಾಪತಿಯ ಮಗನೂ ರತ್ನದ ವ್ಯಾಪಾರಿಯೊಬ್ಬನೂ ಆಗಲೇ ನಿಂತಿದ್ದರು. ರಕ್ಕಸ ತಂತಿಗಳ ಗಂಟನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಆ ಗಂಟಿನಿಂದ ತನಗೆ ಬೇಕಾದ್ದನ್ನಷ್ಟೇ ಮುಂದಕ್ಕೆ ಬಿಡುತ್ತಿದ್ದ, ಬೇಡದ್ದನ್ನು ತಡೆಯುತ್ತಿದ್ದ.

"ಮೊದಲನೇದು," ಅಂದ ರಕ್ಕಸ. "ಊರಿಗೆಲ್ಲ ಒಬ್ಬನೇ ದಾರಿ ಹೇಳುವವನು. ನೀವು ಹೆಸರು ಹೇಳುತ್ತೀರಿ, ಅವನು ಮನೆ ನಂಬರು ಹೇಳುತ್ತಾನೆ. ಅವನಿಲ್ಲದಿದ್ದರೆ ಬಾಗಿಲು ತೆರೆದಿದ್ದರೂ ನಿಮಗೆ ಮನೆ ಸಿಗದು. ಯಾರವನು?"

"ನಮ್ಮ ಊರಿನ ತಳವಾರ!" ಸೇನಾಪತಿಯ ಮಗ ಎದೆ ಉಬ್ಬಿಸಿದ. ಬಾಯಿ ಮುಚ್ಚುವಷ್ಟರಲ್ಲಿ ಹಗ್ಗ ಅವನ ಸೊಂಟ ಸುತ್ತಿ ಗವಿಯೊಳಕ್ಕೆ ಎಳೆದುಕೊಂಡು ಹೋಯಿತು. ಅಯ್ಯೋ ಪಾಪ, ಎಷ್ಟು ಕೂಗಿಕೊಂಡ!

ಮೈಲಾರಿಗೆ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು ಹೇಳಿದ್ದು ಅರೆಬರೆ ನೆನಪಾಯಿತು. "ಅದು... ಡಿಎನ್‌ಎಸ್ ಇರಬೇಕು," ಅಂದ. "ನಾವು ವೆಬ್‌ಸೈಟಿನ ಹೆಸರು ಒತ್ತುತ್ತೀವಿ. ಕಂಪ್ಯೂಟರಿಗೆ ಹೆಸರು ತಿಳಿಯಲ್ಲ, ನಂಬರೇ ವಿಳಾಸ. ಹೆಸರಿಗೆ ನಂಬರು ಹುಡುಕಿ ಕೊಡೋದು ಅದೇ."

ರಕ್ಕಸ ಹಲ್ಲು ಕಡಿದ. "ಎರಡನೇದು. ಹೊರಡುವಾಗ ಒಂದೇ, ದಾರಿಯಲ್ಲಿ ಚೂರುಚೂರು. ಒಂದೊಂದು ಚೂರಿಗೆ ಒಂದೊಂದು ದಾರಿ. ಹಿಂದಿನದು ಮುಂದೆ ಬರಬಹುದು, ಕಳೆದರೆ ಇನ್ನೊಮ್ಮೆ ಬರುತ್ತದೆ. ಮನೆ ಸೇರಿದಾಗ ಮತ್ತೆ ಒಂದೇ. ಏನದು?"

"ನದಿ!" ಅಂದ ವ್ಯಾಪಾರಿ. ಅವನೂ ಹೋದ. ಗುಡ್ಡದ ಮೇಲೆ ಉಳಿದವನು ಮೈಲಾರಿ ಒಬ್ಬನೇ.

ಸೂರ್ಯ ಪಡುವಣದ ಬೆಟ್ಟಕ್ಕೆ ತಾಗಿಕೊಂಡಿದ್ದ. ಹುಡುಗ ಕಣ್ಣು ಮುಚ್ಚಿದ. ಚೂರುಚೂರಾಗಿ ಹೋಗಿ ಮತ್ತೆ ಕೂಡೋದು... ಅರಮನೆಯ ಬಟ್ಟೆ ಅವನ ಕಣ್ಣ ಮುಂದೆ ಬಂತು. ಒಂದು ಮನೆಯ ಬಟ್ಟೆಯನ್ನು ಒಂದೇ ಕತ್ತೆಯ ಮೇಲೆ ಹೇರುತ್ತಾರೆಯೇ? ಸೀರೆ ಒಂದು ಕತ್ತೆಯ ಮೇಲೆ, ಪಂಚೆ ಇನ್ನೊಂದರ ಮೇಲೆ. ಒಂದು ಹಳ್ಳದ ದಾರಿ ಹಿಡಿದರೆ ಇನ್ನೊಂದು ಏರಿಯ ದಾರಿ. ಎಷ್ಟೇ ಕಲಸಿಹೋದರೂ ಪ್ರತಿ ಬಟ್ಟೆಯ ಅಂಚಿನಲ್ಲಿ ಎಷ್ಟು ಒಗೆದರೂ ಅಳಿಯದ ಗೇರಿನ ರಸದಿಂದ ಹಾಕಿದ ಮನೆಗುರುತು ಇರುತ್ತದೆ. ಗುರುತು ನೋಡಿ ಜೋಡಿಸಿದರೆ ಆಯಿತು.

"ನಾವು ಕಳಿಸೋ ಫೋಟೊ, ವಿಡಿಯೊ, ಮಾತು!" ಅಂದ. "ನೆಟ್ಟಿನಲ್ಲಿ ಅದು ಇಡಿಯಾಗಿ ಹೋಗಲ್ಲ. ಪ್ಯಾಕೆಟ್ಟು ಅಂತ ಚೂರಾಗುತ್ತೆ. ಪ್ರತಿ ಚೂರಿನ ಮೇಲೂ ಸೇರಬೇಕಾದ ವಿಳಾಸ, ಅದರ ಸರದಿ ಬರೆದಿರುತ್ತೆ. ಮುಟ್ಟಿದ ಕಡೆ ಜೋಡಿಸಿಕೊಳ್ತಾರೆ."

ರಕ್ಕಸ ಎದ್ದು ನಿಂತ. "ಮೂರನೇದು. ನನ್ನ ಕಣ್ಣ ಮುಂದೆಯೇ ಹಾದುಹೋಗುತ್ತದೆ. ಯಾರು ಕಳಿಸಿದರು ಗೊತ್ತು, ಎಲ್ಲಿಗೆ ಹೊರಟಿತು ಗೊತ್ತು. ಕೈಯಲ್ಲಿ ಹಿಡಿದರೂ ಒಳಗೇನಿದೆಯೋ ಗೊತ್ತಿಲ್ಲ. ಏನದು?"

ಮೈಲಾರಿಗೆ ಏನೂ ಹೊಳೆಯಲಿಲ್ಲ. ಗವಿಯೊಳಗಿಂದ ಯಾರೋ ಬಿಕ್ಕುವ ಸದ್ದು. ಆಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಎಸ್ಸೆಮ್ಮೆಸ್. ಮೇಲೆ ಅಣ್ಣನ ಹೆಸರು, ಅಣ್ಣನ ಫೋಟೊ.

"ತಮ್ಮಾ, ಉತ್ತರ ವೈಫೈ. ಬೇಗ ಹೇಳು. ನನ್ನನ್ನು ಉಳಿಸು."

ಅಣ್ಣ ಬದುಕಿದ್ದಾನೆ! "ಉತ್ತರ..." ಅಂತ ಬಾಯಿ ತೆರೆದೂ ಬಿಟ್ಟ. ರಕ್ಕಸ ನಾಲಿಗೆ ಚಪ್ಪರಿಸಿದ. ಅಷ್ಟರಲ್ಲಿ ಹುಡುಗನಿಗೆ ಫಕ್ಕನೆ ಹೊಳೆಯಿತು: ಗಾಳೆಪ್ಪನಿಗೆ ಓದು ಬರಹ ಬರುವುದಿಲ್ಲ! ಫೋನು ಕೊಂಡಂದಿನಿಂದ ಅವನು ಒಂದಕ್ಷರ ಒತ್ತಿದವನಲ್ಲ. ಏನಿದ್ದರೂ ಮೆಸೇಜ್ ಆಪಿನಲ್ಲಿ ಮಾತಾಡಿಯೇ ಕಳಿಸುವವನು, "ಉಂಡ್ಯೇನೋ, ಎಲ್ಲಿ ಸತ್ತೀಯೋ" ಅಂತ.

ಹಾಗಾದರೆ ಇದನ್ನು ಬರೆದವನು? ತಂತಿಯ ಗಂಟು ತೊಡೆ ಮೇಲಿಟ್ಟುಕೊಂಡವನೇ. ಮತ್ತೆ, ಅಣ್ಣ ಮಾತಾಡಿಯೇ ಕಳಿಸುವುದು ಇವನಿಗೇಕೆ ಗೊತ್ತಾಗಲಿಲ್ಲ? ಆ ಮಾತೆಲ್ಲ ಇವನ ಮುಂದೆಯೇ ಹಾದುಹೋಗಿದೆಯಲ್ಲ!

"ಬೀಗ ಹಾಕಿದ ಸಂದೇಶ!" ಮೈಲಾರಿ ಕೂಗಿದ. "ಕಳಿಸಿದವರ ಫೋನು ಬೀಗ ಹಾಕುತ್ತೆ, ಮುಟ್ಟಿದವರ ಫೋನು ತೆಗೆಯುತ್ತೆ. ನಡುವೆ ಕೂತವನಿಗೆ ಬೀಗ ಕಾಣುತ್ತೆ, ಒಳಗಿನದು ಕಾಣಲ್ಲ. ನಮ್ಮಣ್ಣನ ಮಾತು ನಿನ್ನ ಕಿವಿಗೆ ಒಂದು ದಿನವೂ ಬಿದ್ದಿಲ್ಲ ಕಣೋ, ಬಿದ್ದಿದ್ದರೆ ನೀನು ಹೀಗೆ ಬರೆಯುತ್ತಿರಲಿಲ್ಲ!"

ರಕ್ಕಸ ಒಂದೇ ಒಂದು ಸಲ ಊಳಿಟ್ಟ, ನಿಂತಲ್ಲೇ ಬೂದಿಯಾದ. ಹಗ್ಗಗಳು ತಾವಾಗಿ ಕಳಚಿದವು. ಸೋತವರೆಲ್ಲ ಗವಿಯಿಂದ ಓಡಿಬಂದರು. ಮಹಾರಾಜರು ಪಲ್ಲಕ್ಕಿಯಲ್ಲಿ ಬಂದು ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡುವುದಾಗಿ ಅಲ್ಲೇ ಘೋಷಿಸಿದರು. ರಾಜಕುಮಾರಿಯೂ ಹುಡುಗನನ್ನು ನೋಡಿ ಒಪ್ಪಿದಳು ಅನ್ನಿ.

ಮೈಲಾರಿಗೆ ಅದ್ಯಾವುದೂ ಕೇಳಿಸಲಿಲ್ಲ. ಕೊನೆಗೆ ಕುಂಟುತ್ತಾ ಹೊರಬಂದ ಗಾಳೆಪ್ಪನನ್ನು ತಬ್ಬಿಕೊಂಡು ಅತ್ತ, ಆಮೇಲೆ ಸಿಟ್ಟಿನಿಂದ ಬೈದ. "ಒಗಟಿನಲ್ಲಿ ಹೇಗೆ ಸೋತೆ? ಏನಂತ ಉತ್ತರ ಹೇಳಿದೆಯಣ್ಣಾ ನೀನು?"

"ನಿನ್ನ ಹೆಸರಲ್ಲಿ ಎಸ್ಸೆಮ್ಮೆಸ್ ಬಂತೋ," ಅಂದ ಗಾಳೆಪ್ಪ, ತಲೆ ತಗ್ಗಿಸಿ. "ಪಕ್ಕದವನ ಕೈಲಿ ಓದಿಸಿದೆ. ಉತ್ತರ ವೈಫೈ ಅಂತ ಇತ್ತು."

"ನಾನು ನಿನಗೆ ಯಾವತ್ತಾದರೂ ಬರೆದು ಕಳಿಸಿದ್ದೇನಾ? ಓದೋಕೆ ಬರಲ್ಲ ಅಂತ ಗೊತ್ತಿಲ್ವಾ ನನಗೆ? ಒಂದು ಗಳಿಗೆ ಯೋಚನೆ ಮಾಡಬಾರದಾ?"

"ನಿನ್ನ ಫೋಟೊ ಇತ್ತಲ್ಲೋ ತಮ್ಮಾ," ಅಂದ ಅಣ್ಣ. "ಆಮೇಲೆ ನಾನು ಇನ್ನೇನು ನೋಡ್ಲಿ?"